ಗುಂಪಿನಲ್ಲಿ ಮಾಹಿತಿ ತುಂಬಿದೆ, ಕಾಯಿ ಯಾಕೆ ಉದುರುತ್ತಿದೆ ಎಂದು ಮಾತ್ರ ಗೊತ್ತಾಗುತ್ತಿಲ್ಲ: ಆಪ್ ಮಾಡಿಸಬೇಕೇ?

ಪ್ರಶ್ನೆ: ನಮ್ಮದು ಮಡಿಕೇರಿ ತಾಲ್ಲೂಕು. ಸುತ್ತಲಿನ ನಾಲ್ಕೈದು ಊರಿನ ಕಾಫಿ ಬೆಳೆಗಾರರು ಸೇರಿ 2018ರ ಮಳೆಯ ನಂತರ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡೆವು. ಈಗ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದೇವೆ. ಅರ್ಧದಷ್ಟು ಜನ ತೋಟದಲ್ಲೇ ಇರುವವರು. ಉಳಿದವರು ಬೆಂಗಳೂರು, ಮೈಸೂರು, ದುಬೈನಲ್ಲಿದ್ದುಕೊಂಡು ಊರಿನ ತೋಟ ನೋಡಿಕೊಳ್ಳುವವರು. ದಿನಾ ಮಳೆ ಲೆಕ್ಕ, ಫೋಟೋ, ವಾಯ್ಸ್ ಮೆಸೇಜ್ ಬರುತ್ತಲೇ ಇರುತ್ತವೆ. ಕಳೆದ ಆಗಸ್ಟ್‌ನಲ್ಲಿ ಕಾಯಿ ವಿಪರೀತ ಉದುರಿತು. ಗುಂಪಿನ ಹಿರಿಯರೊಬ್ಬರು ಕೊಳೆ ರೋಗ ಎಂದರು. ನಾವೆಲ್ಲ ಅದನ್ನೇ ನಂಬಿ ಆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹೊಡೆಸಿದೆವು. ಮಳೆ ಬಿಟ್ಟ ಮೇಲೆ ನೋಡಿದರೆ ಎಷ್ಟೋ ತೋಟಗಳಲ್ಲಿ ಗಿಡದ ಬುಡದಲ್ಲಿ ನೀರು ನಿಂತದ್ದೇ ಕಾರಣವಾಗಿತ್ತು. ಇಬ್ಬರು ಅದನ್ನು ಮೊದಲೇ ಗುಂಪಿನಲ್ಲಿ ಬರೆದಿದ್ದರು, ಯಾರೂ ಗಮನಿಸಿರಲಿಲ್ಲ. ಈಗ ಎಲ್ಲರೂ ದುಡ್ಡು ಹಾಕಿ ಒಂದು ಆಪ್ ಮಾಡಿಸೋಣ ಎಂದುಕೊಂಡಿದ್ದೇವೆ. ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಮ್ಯಾಪ್, ಡ್ಯಾಶ್‌ಬೋರ್ಡ್, ಎಐ ಸಾರಾಂಶ ಎಲ್ಲ ಹಾಕಿಕೊಡುತ್ತೇನೆ ಎನ್ನುತ್ತಾನೆ. ಇದರಿಂದ ಪ್ರಯೋಜನ ಆಗುತ್ತದಾ? ನೆಟ್‌ವರ್ಕ್ ಇಲ್ಲದ ಕಡೆ ನಡೆಯುತ್ತದಾ? ಹಿರಿಯರು ಬಳಸುತ್ತಾರಾ? ಗುಡ್ಡದಲ್ಲಿ ಬಿರುಕು ಕಂಡರೆ ಅದನ್ನೂ ಇದರಲ್ಲೇ ಹಾಕಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು. ಇಬ್ಬರು ಮೊದಲೇ ಬರೆದಿದ್ದರು, ಯಾರೂ ಗಮನಿಸಿರಲಿಲ್ಲ ಎಂದಿರಲ್ಲ, ಅದು. ಅಂದರೆ ಉತ್ತರ ನಿಮ್ಮ ಗುಂಪಿನ ಒಳಗೇ ಇತ್ತು. ಬೇಕಾದ ಮಾಹಿತಿ ಬಂದಿತ್ತು, ಬೇಕಾದ ಹೊತ್ತಿಗೇ ಬಂದಿತ್ತು. ಆದರೂ ಇನ್ನೂರು ಜನ ಸೇರಿ ತಪ್ಪು ಕಾರಣ ಹಿಡಿದಿರಿ. ಹಾಗಾಗಿ ಇನ್ನಷ್ಟು ಮಾಹಿತಿ ತಂದು ಸುರಿಯುವ ಆಪ್ ಮಾಡಿಸಿದರೆ ಮುಂದಿನ ಮಳೆಗಾಲದಲ್ಲೂ ಇದೇ ಆಗುತ್ತದೆ, ಇನ್ನೂ ಚೆಂದದ ಪರದೆಯ ಮೇಲೆ ಆಗುತ್ತದೆ ಅಷ್ಟೆ.

ದೂರ ದೂರ ಇರುವ ಜನ ಸೇರಿ ಒಂದು ವಿಷಯವನ್ನು ಅರ್ಥ ಮಾಡಿಕೊಳ್ಳಲು ನೆರವಾಗುವ ಸಾಫ್ಟ್‌ವೇರ್ ರೂಪಿಸುವುದು ನನ್ನ ವೃತ್ತಿ. ಈ ಕೆಲಸದಲ್ಲಿ ಹೆಚ್ಚಿನವರು ಮೂರು ಕೆಲಸಗಳನ್ನು ಒಂದೇ ಎಂದುಕೊಂಡು ಬರುತ್ತಾರೆ. ಸುದ್ದಿ ಸೇರಿಸುವುದು ಒಂದು. ಅದರಿಂದ ಏನು ತಿಳಿಯುತ್ತದೆ ಎಂದು ನೋಡುವುದು ಇನ್ನೊಂದು. ಏನು ಮಾಡಬೇಕು ಎಂದು ತೀರ್ಮಾನಿಸುವುದು ಮತ್ತೊಂದು. ವಾಟ್ಸಾಪ್ ಮೊದಲನೆಯದನ್ನು ಬಹಳ ಚೆನ್ನಾಗಿ ಮಾಡುತ್ತದೆ. ಎರಡನೆಯದಕ್ಕೆ ಅದರಲ್ಲಿ ಜಾಗವೇ ಇಲ್ಲ. ಹಾಗಾಗಿ ನಿಮ್ಮ ಗುಂಪು ಮೊದಲನೆಯದರಿಂದ ನೇರ ಮೂರನೆಯದಕ್ಕೆ ಹಾರಿತು. ಬೋರ್ಡೋ ಹೊಡೆಸಿದಿರಿ.

ಜನ ಜಾಸ್ತಿ ಸೇರಿದಷ್ಟೂ ವಿಷಯ ಸ್ಪಷ್ಟ ಆಗುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಅದು ಅರ್ಧ ಮಾತ್ರ ನಿಜ. 1985ರಲ್ಲಿ ಅಮೆರಿಕದ ಗ್ಯಾರಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವಿದ್ಯಾರ್ಥಿಗಳ ಸಣ್ಣ ಸಣ್ಣ ಗುಂಪು ಮಾಡಿ, ಮೂವರು ಕಾಲ್ಪನಿಕ ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಿ ಎಂದರು. ಎಲ್ಲರಿಗೂ ಪೂರ್ತಿ ವಿವರ ಕೊಟ್ಟಾಗ ಹೆಚ್ಚಿನ ಗುಂಪುಗಳು ಸರಿಯಾದವರನ್ನೇ ಆರಿಸಿದವು. ಆಮೇಲೆ ವಿವರಗಳನ್ನು ಹಂಚಿದರು. ಕೆಲವು ಸಂಗತಿ ಎಲ್ಲರಿಗೂ ಗೊತ್ತು, ಕೆಲವು ಒಬ್ಬೊಬ್ಬರಿಗೆ ಮಾತ್ರ ಗೊತ್ತು. ಎಲ್ಲರೂ ಬಾಯಿ ಬಿಟ್ಟು ಹೇಳಿದ್ದರೆ ಒಳ್ಳೆಯ ಅಭ್ಯರ್ಥಿ ಯಾರೆಂದು ತಿಳಿಯುತ್ತಿತ್ತು. ಆದರೆ ಚರ್ಚೆಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿಗಳೇ ತಿರುತಿರುಗಿ ಬಂದವು. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಬರಲೇ ಇಲ್ಲ, ಬಂದರೂ ಯಾರೂ ಎತ್ತಿಕೊಳ್ಳಲಿಲ್ಲ. ಹೆಚ್ಚಿನ ಗುಂಪುಗಳು ತಪ್ಪು ಆಯ್ಕೆ ಮಾಡಿದವು.

ನಿಮ್ಮ ಆಗಸ್ಟ್‌ನಲ್ಲಿ ಆದದ್ದು ಇದೇ. "ಮಳೆ ವಿಪರೀತ", "ನಮ್ಮಲ್ಲೂ ಕಾಯಿ ಬಿದ್ದಿದೆ", "ನಮ್ಮಲ್ಲೂ". ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ತಗ್ಗಿನ ಮೂಲೆಯಲ್ಲಿ ಬಸಿಗಾಲುವೆ ಮುಚ್ಚಿಹೋಗಿದೆ ಎಂಬುದು ಒಬ್ಬಿಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ. ಅದು ಬಂತು, ನೂರು "ನಮ್ಮಲ್ಲೂ"ಗಳ ನಡುವೆ ಮೇಲೆ ಸರಿದು ಹೋಯಿತು.

ಇನ್ನೊಂದು ಸಂಗತಿ ಹೇಳುತ್ತೇನೆ, ಯಾಕೆಂದರೆ ಇದು ನೇರವಾಗಿ ವಿನ್ಯಾಸಕ್ಕೆ ಬರುತ್ತದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಒಂದು ಜಾತ್ರೆಯ ಲೆಕ್ಕ ಬರೆದಿದ್ದಾನೆ. ಒಂದು ಎತ್ತನ್ನು ಕಡಿದು ಸಿದ್ಧಪಡಿಸಿದ ಮೇಲೆ ಎಷ್ಟು ತೂಗುತ್ತದೆ ಎಂದು ಜನ ಚೀಟಿಯಲ್ಲಿ ಅಂದಾಜು ಬರೆದು ಹಾಕುವ ಪಂದ್ಯ ಅದು. ಓದಲು ಬಂದ 787 ಚೀಟಿಗಳ ನಟ್ಟನಡುವಿನ ಅಂದಾಜು 1207 ಪೌಂಡ್. ನಿಜವಾದ ತೂಕ 1198. ಇದನ್ನು ಕೇಳಿ ಜನ ಗುಂಪಿನ ಬುದ್ಧಿ ದೊಡ್ಡದು ಎನ್ನುತ್ತಾರೆ. ಆದರೆ ಅಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಚೀಟಿ ನೋಡದೆ ಬರೆದಿದ್ದರು ಎಂಬುದನ್ನು ಮರೆಯುತ್ತಾರೆ. 2011ರಲ್ಲಿ ಜ್ಯೂರಿಚ್‌ನ ಸಂಶೋಧಕರು ಇದನ್ನೇ ಬದಲಿಸಿ ನೋಡಿದರು. ಬೇರೆಯವರ ಅಂದಾಜು ತೋರಿಸಿದ ಮೇಲೆ ಎಲ್ಲರ ಉತ್ತರಗಳೂ ಹತ್ತಿರ ಹತ್ತಿರ ಬಂದವು. ಉತ್ತರ ಹೆಚ್ಚು ಸರಿಯಾಗಲಿಲ್ಲ. ನಾವು ಸರಿ ಎಂಬ ಧೈರ್ಯ ಮಾತ್ರ ಜಾಸ್ತಿಯಾಯಿತು.

ಈಗ ನಿಮ್ಮ ಊರಿಗೆ ಬನ್ನಿ. ಅನುಭವ ಇರುವ ಹಿರಿಯರೊಬ್ಬರು ಬೆಳಿಗ್ಗೆ ಏಳಕ್ಕೇ ಕೊಳೆ ರೋಗ ಎಂದು ಬರೆದಿದ್ದಾರೆ. ಅವರ ಮಾತಿಗೆ ಇನ್ನೂರು ಜನರ ಮುಂದೆ ಎದುರು ಹೇಳುವವರು ಯಾರು? ಮದುವೆ, ಹಬ್ಬ, ಐನ್‌ಮನೆ (ಮನೆತನದ ಮೂಲ ಮನೆ) ಎಂದು ನಾಳೆ ಮುಖಾಮುಖಿ ಆಗಬೇಕಾದವರು ನಾವು. ಇದು ಯಾರ ತಪ್ಪೂ ಅಲ್ಲ, ಗೌರವ ಇರುವ ಕಡೆ ಹೀಗೆಯೇ ಆಗುತ್ತದೆ. ಆ ಹಿರಿಯರೂ ಕೇಡು ಬಯಸಿ ಹೇಳಿದ್ದಲ್ಲ. ತಮ್ಮ ತೋಟದಲ್ಲಿ ಕಂಡದ್ದನ್ನು ಹೇಳಿದ್ದಾರೆ, ಅವರ ತೋಟದಲ್ಲಿ ಅದು ನಿಜವೂ ಆಗಿದ್ದಿರಬಹುದು. ಸಾಫ್ಟ್‌ವೇರ್ ಇಲ್ಲಿ ಒಂದು ಸಣ್ಣ ಉಪಕಾರ ಮಾಡಬಲ್ಲದು. ನೀವು ನಿಮ್ಮ ತೋಟದಲ್ಲಿ ಕಂಡದ್ದನ್ನು ಬರೆದು ಕಳಿಸುವ ತನಕ ಬೇರೆಯವರು ಬರೆದದ್ದನ್ನು ನಿಮಗೆ ತೋರಿಸದೆ ಇರುವುದು. ಆಮೇಲೆ ಎಲ್ಲರದ್ದೂ ಒಟ್ಟಿಗೆ ಕಾಣಲಿ. ಆಗ ಯಾರೂ ಯಾರಿಗೂ ಎದುರು ಹೇಳಿದಂತೆ ಆಗುವುದಿಲ್ಲ. ನಾನು ರೂಪಿಸಿದ ಕೆಲಸಗಳಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಟ್ಟ ಬದಲಾವಣೆ ಬೇರೆ ಇಲ್ಲ.

ಇದಕ್ಕಿಂತಲೂ ಆಳದ ಕಾರಣ ಒಂದಿದೆ. ನಿಮ್ಮ ಗುಂಪಿನಲ್ಲಿ ಕಣ್ಣಾರೆ ಕಂಡದ್ದು, ಬೇರೆಯವರು ಹೇಳಿದ್ದು, ತಾನು ಊಹಿಸಿದ್ದು ಮೂರೂ ಒಂದೇ ತರಹದ ಮೆಸೇಜಾಗಿ ಬರುತ್ತವೆ. ಸಿಪ್ಪೆ ಸಮೇತ ಒಣಗಿಸುವ ಚೆರಿ ಮತ್ತು ಸಿಪ್ಪೆ ತೆಗೆದು ಒಣಗಿಸುವ ಪಾರ್ಚ್‌ಮೆಂಟನ್ನು ಒಂದೇ ಕಣದಲ್ಲಿ ಒಟ್ಟಿಗೆ ಸುರಿದ ಹಾಗೆ, ಆಮೇಲೆ ಬೇರೆ ಮಾಡುವುದು ಬಹಳ ಕಷ್ಟ. "ಕೊಳೆ ರೋಗ ಬಂದಿದೆ" ಎಂಬುದು ಊಹೆ. "ಎಲೆ ಕಪ್ಪಾಗಿ, ತೊಟ್ಟು ಕಳಚಿದರೂ ನೂಲಿನಂಥ ಎಳೆಯಲ್ಲಿ ಗಿಡಕ್ಕೇ ನೇತಾಡುತ್ತಿದೆ" ಎಂಬುದು ಕಂಡದ್ದು. ಎರಡನೆಯದನ್ನು ಬೇರೆಯವರು ತಮ್ಮ ತೋಟಕ್ಕೆ ಹೋಗಿ ಹೋಲಿಸಿ ನೋಡಬಹುದು. ಮೊದಲನೆಯದನ್ನು ನಂಬಬೇಕು, ಇಲ್ಲ ಬಿಡಬೇಕು.

ಅದಕ್ಕೆ ನಿಮ್ಮ ಅಕ್ಕನ ಮಗ ಏನನ್ನೇ ಮಾಡಲಿ, ಮೊದಲು ಮಾಡಬೇಕಾದದ್ದು ಒಂದು ಸಣ್ಣ ಚೀಟಿ. ಯಾವ ತೋಟ, ಯಾವ ಜಾಗ, ಏರೇ ತಗ್ಗೇ, ಅರೇಬಿಕಾವೇ ರೊಬಸ್ಟಾವೇ, ಯಾವಾಗ ನೋಡಿದ್ದು, ಏನು ಕಂಡಿತು, ಒಂದು ಫೋಟೋ. ಕೆಳಗೆ ಮೂರು ಗುಂಡಿ: ನಾನೇ ನೋಡಿದ್ದು, ಬೇರೆಯವರು ಹೇಳಿದ್ದು, ನನ್ನ ಅಂದಾಜು. ಇದಕ್ಕಿಂತ ಉದ್ದದ ಚೀಟಿ ಮಾಡಬೇಡಿ. ಮಳೆಯಲ್ಲಿ, ಒದ್ದೆ ಕೈಯಲ್ಲಿ, ಕೊಡೆ ಹಿಡಿದುಕೊಂಡು ತುಂಬಬೇಕಾದದ್ದು ಅದು.

ನಿಮ್ಮ ಮಳೆ ಲೆಕ್ಕದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ತೋಟದ ಮಳೆ ಪುಸ್ತಕ ಎಂದರೆ ತಲೆಮಾರಿನ ಆಸ್ತಿ. ಆದರೆ ಹಳೆಯ ತೋಟಗಳಲ್ಲಿ ಇಂಚು, ಸೆಂಟ್ ಲೆಕ್ಕ. ಸರ್ಕಾರದ ಲೆಕ್ಕ ಮಿಲಿಮೀಟರ್. ಒಂದು ಇಂಚು ಎಂದರೆ 25.4 ಮಿಲಿಮೀಟರ್, ನೂರು ಸೆಂಟಿಗೆ ಒಂದು ಇಂಚು. ಯಾರೋ "ಇವತ್ತು 80" ಎಂದು ಬರೆದರೆ ಅದು 80 ಸೆಂಟೇ, 80 ಮಿಲಿಮೀಟರೇ? ಮೊದಲನೆಯದು 20 ಮಿಲಿಮೀಟರ್‌ಗೆ ಸ್ವಲ್ಪ ಜಾಸ್ತಿ, ಜೂನ್ ಜುಲೈನಲ್ಲಿ ಸಾಮಾನ್ಯ ದಿನ. ಎರಡನೆಯದು ಮೂರು ಇಂಚು ದಾಟುತ್ತದೆ. ಇನ್ನು ಹೊತ್ತಿನ ಗೊಂದಲ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು, ಅಲ್ಲಿಯ ತನಕದ 24 ಗಂಟೆಯ ಮಳೆಯನ್ನು ಅಂದಿನ ತಾರೀಖಿಗೆ ಬರೆಯುತ್ತದೆ. ಕೆಲವು ತೋಟಗಳಲ್ಲಿ ಅದೇ ಮಳೆಯನ್ನು ಹಿಂದಿನ ದಿನದ್ದು ಎಂದು ಬರೆಯುವ ರೂಢಿ ಇದೆ. ಇವೆರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ಮಳೆ ಒಂದು ಊರಿನಿಂದ ಇನ್ನೊಂದು ಊರಿಗೆ ಮರುದಿನ ನಡೆದು ಬಂದಂತೆ ಕಾಣುತ್ತದೆ. ಆ ಡ್ಯಾಶ್‌ಬೋರ್ಡ್ ನೋಡಿ ನೀವು ಇಲ್ಲದ ಕಥೆ ಕಟ್ಟುತ್ತೀರಿ.

ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯಿಸಿ. ಅಮೆರಿಕದ ಕೊಲರಾಡೊದಲ್ಲಿ ಫೋರ್ಟ್ ಕಾಲಿನ್ಸ್ ಎಂಬ ಊರಿಗೆ 1997ರ ಜುಲೈನಲ್ಲಿ ಭಾರಿ ಪ್ರವಾಹ ಬಂತು. ಕೆಲವೇ ಮೈಲಿ ಅಂತರದಲ್ಲಿ ಮಳೆಯ ಪ್ರಮಾಣ ಎಷ್ಟೋ ಪಟ್ಟು ಬೇರೆ ಬೇರೆ ಇತ್ತು, ಇದ್ದ ಕೆಲವು ಮಾಪಕಗಳಿಗೆ ಅದು ಕಾಣಲಿಲ್ಲ. ಮರು ವರ್ಷ ಅಲ್ಲಿ ಸಾಮಾನ್ಯ ಜನರೇ ಮನೆಯಂಗಳದಲ್ಲಿ ಮಳೆ ಅಳೆದು ವರದಿ ಮಾಡುವ ಜಾಲ ಶುರುವಾಯಿತು. ಕೊಕೊರಾಸ್ ಎನ್ನುತ್ತಾರೆ ಅದಕ್ಕೆ. ಇವತ್ತಿಗೂ ನಡೆಯುತ್ತಿದೆ. ಸೊನ್ನೆಯನ್ನೂ ವರದಿ ಮಾಡಿ ಎಂದು ಅವರು ಜನರ ಬೆನ್ನು ಬೀಳುತ್ತಾರೆ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ತಿಳಿಯುವುದಿಲ್ಲ. ಕಾಯಿ ಉದುರುವುದಕ್ಕೂ ಇದೇ ಮಾತು. ಉದುರದೆ ಇರುವ ತೋಟದವರು ಸುಮ್ನೆ ಇದ್ದುಬಿಡುತ್ತಾರೆ. ಆದರೆ ಕಾರಣ ಹುಡುಕುವಾಗ ಅವರೇ ಹೆಚ್ಚು ಬೇಕಾದವರು. ಅಷ್ಟೇ ಮಳೆ, ಅದೇ ತಳಿ, ಪಕ್ಕದ ತೋಟ, ಆದರೂ ಕಾಯಿ ನಿಂತಿದೆ ಎಂದರೆ ಅಲ್ಲಿ ಏನು ಬೇರೆ ಇದೆ ಎಂದು ಕೇಳಬಹುದು.

ಇನ್ನು ಅರ್ಥ ಮಾಡಿಕೊಳ್ಳುವ ಕೆಲಸ. ಇದಕ್ಕೆ ನಾನು ನಂಬುವ ಸಾಧನ ಒಂದು ಕೋಷ್ಟಕ. ಅಮೆರಿಕದ ಸಿಐಎಯಲ್ಲಿ ವಿಶ್ಲೇಷಕರಾಗಿದ್ದ ರಿಚರ್ಡ್ಸ್ ಹ್ಯೂಯರ್ ಇದನ್ನು ರೂಪಿಸಿದರು. ಮೇಲೆ ಸಾಲಾಗಿ ಸಾಧ್ಯ ಇರುವ ಕಾರಣಗಳನ್ನೆಲ್ಲ ಬರೆಯುವುದು. ಎಡಗಡೆ ಕಂಡ ಸಂಗತಿಗಳು. ಪ್ರತಿ ಸಂಗತಿಯೂ ಪ್ರತಿ ಕಾರಣಕ್ಕೆ ಹೊಂದುತ್ತದೆಯೇ, ಹೊಂದುವುದಿಲ್ಲವೇ ಎಂದು ಗುರುತು ಹಾಕುತ್ತಾ ಹೋಗುವುದು. ಇಲ್ಲಿ ಹೊಂದುವ ಗುರುತು ಯಾವುದಕ್ಕೆ ಜಾಸ್ತಿ ಎಂದು ಎಣಿಸಬಾರದು. ಹೊಂದದ ಗುರುತು ಯಾವುದಕ್ಕೆ ಕಡಿಮೆ ಎಂದು ನೋಡಬೇಕು. ಯಾಕೆಂದರೆ ಮನಸ್ಸಿಗೆ ಒಂದು ಕಾರಣ ಹೊಕ್ಕ ಮೇಲೆ ಅದಕ್ಕೆ ಸಾಕ್ಷಿ ಎಲ್ಲಿ ನೋಡಿದರೂ ಸಿಗುತ್ತದೆ.

ಕಾಯಿ ಉದುರುವ ವಿಷಯವನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಕಾಯಿ ಉದುರಲು ಕೊಳೆ ರೋಗ ಕಾರಣ ಇರಬಹುದು. ತೊಟ್ಟು ಕೊಳೆ ಇರಬಹುದು. ಬುಡದಲ್ಲಿ ನೀರು ನಿಂತು ಬೇರಿಗೆ ಗಾಳಿ ಸಿಗದೆ, ಗೊಬ್ಬರ ಹೀರಲಾಗದೆ ಗಿಡವೇ ಕಾಯಿ ಬಿಟ್ಟುಕೊಟ್ಟಿರಬಹುದು. ಗಿಡದ ಶಕ್ತಿಗೆ ಮೀರಿ ಕಾಯಿ ಕಟ್ಟಿರಬಹುದು. ಈಗ "ಮಳೆ ವಿಪರೀತ" ಎಂಬ ಸಂಗತಿ ಹಾಕಿ ನೋಡಿ. ಮೊದಲ ಮೂರಕ್ಕೂ ಹೊಂದುತ್ತದೆ, ನಾಲ್ಕನೆಯದನ್ನೂ ತಳ್ಳಿಹಾಕುವುದಿಲ್ಲ. ಹಾಗಾದರೆ ಅದರಿಂದ ಏನೂ ತಿಳಿಯಲಿಲ್ಲ. ನಿಮ್ಮ ಗುಂಪಿನಲ್ಲಿ ಅತಿ ಹೆಚ್ಚು ಬಾರಿ ಬಂದ ಮೆಸೇಜಿನಿಂದ ಅತಿ ಕಡಿಮೆ ಉಪಯೋಗ ಆಗಿದೆ. "ತಗ್ಗಿನ ಸಾಲುಗಳಲ್ಲಿ ಮಾತ್ರ ಉದುರಿದೆ, ಏರಿನಲ್ಲಿ ಇಲ್ಲ" ಎಂಬುದು ಹಾಗಲ್ಲ. ನೀರು ನಿಂತದ್ದಕ್ಕೆ ಚೆನ್ನಾಗಿ ಹೊಂದುತ್ತದೆ, ಜಾಸ್ತಿ ಕಾಯಿ ಕಟ್ಟಿದ್ದಕ್ಕೆ ಅಷ್ಟಾಗಿ ಹೊಂದುವುದಿಲ್ಲ. "ಎಲೆ ಹಳದಿಯಾಗಿದೆ, ಆದರೆ ಕಪ್ಪಾಗಿ ನೇತಾಡುತ್ತಿರುವುದು ಒಂದೂ ಇಲ್ಲ" ಎಂಬುದು ಕೊಳೆ ರೋಗದ ವಿರುದ್ಧ ನಿಲ್ಲುತ್ತದೆ. ಇಂಥ ಸಂಗತಿ ನಾಲ್ಕು ಸಿಕ್ಕಿದರೆ ನಾನೂರು ಮೆಸೇಜಿಗಿಂತ ಮೇಲು. ಒಳ್ಳೆಯ ಸಾಫ್ಟ್‌ವೇರ್ ಇದನ್ನು ಎತ್ತಿ ತೋರಿಸಬೇಕು: ಈ ಎರಡು ಕಾರಣಗಳನ್ನು ಬೇರೆ ಮಾಡುವ ಸಂಗತಿ ಇನ್ನೂ ಯಾರೂ ಕಳಿಸಿಲ್ಲ, ನಾಳೆ ಬೆಳಿಗ್ಗೆ ಯಾರಾದರೂ ಎಲೆ ತಿರುಗಿಸಿ ನೋಡಿ ಎಂದು ಕೇಳಬೇಕು.

ಬೆಂಗಳೂರು, ದುಬೈನಲ್ಲಿ ಇರುವವರಿಗೆ ಇಲ್ಲಿ ನಿಜವಾದ ಕೆಲಸ ಇದೆ. ಈಗ ಅವರಿಗೆ ನೆಟ್‌ವರ್ಕೂ ಇದೆ, ಬರೆಯಲು ಪುರುಸೊತ್ತೂ ಇದೆ, ಹಾಗಾಗಿ ಚರ್ಚೆಯಲ್ಲಿ ಅವರ ಮಾತೇ ಜಾಸ್ತಿ. ತೋಟದಲ್ಲಿ ನಿಂತು ನೋಡಿದವರು ರಾತ್ರಿ ಕರೆಂಟ್ ಬಂದ ಮೇಲೆ ಎರಡು ಸಾಲು ಬರೆಯುತ್ತಾರೆ, ಅಷ್ಟರಲ್ಲಿ ತೀರ್ಮಾನ ಆಗಿರುತ್ತದೆ. ಇದನ್ನು ತಿರುಗಿಸಿ. ದೂರ ಇರುವವರು ಚೀಟಿಗಳನ್ನು ಓದಿ ಕೋಷ್ಟಕದಲ್ಲಿ ಜೋಡಿಸಲಿ, ಅಳತೆ ಸರಿಪಡಿಸಲಿ, ಏನು ಗೊತ್ತಿಲ್ಲ ಎಂದು ಪಟ್ಟಿ ಮಾಡಿ ಊರಿನವರಿಗೆ ಪ್ರಶ್ನೆ ಕಳಿಸಲಿ. ದಿನಾ ಸ್ವಲ್ಪ ಹೊತ್ತಿನ ಕೆಲಸ. ಸರದಿಯ ಮೇಲೆ ಮಾಡಬಹುದು.

ಕೋಷ್ಟಕದಲ್ಲಿ "ಯಾವುದಕ್ಕೂ ಹೊಂದದ್ದು" ಎಂಬ ಒಂದು ಜಾಗ ಇರಲೇಬೇಕು. 1993ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದ ಡೇನಿಯಲ್ ರಸೆಲ್ ಮತ್ತು ಜೊತೆಗಾರರು, ಪ್ರಿಂಟರ್ ರಿಪೇರಿ ತರಬೇತಿಗೆ ಪಾಠ ಸಿದ್ಧಪಡಿಸುವ ತಂಡವೊಂದು ರಾಶಿ ಮಾಹಿತಿಯನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಎಂದು ಗಮನಿಸಿ ಬರೆದರು. ಜನ ಮೊದಲು ಒಂದು ಚೌಕಟ್ಟು ಹಾಕಿಕೊಳ್ಳುತ್ತಾರೆ, ಮಾಹಿತಿಯನ್ನು ಅದರಲ್ಲಿ ತುಂಬುತ್ತಾರೆ. ತುಂಬಲಾಗದೆ ಉಳಿದದ್ದು ರಾಶಿಯಾದಾಗ ಚೌಕಟ್ಟೇ ಸರಿಯಿಲ್ಲ ಎಂದು ತಿಳಿದು ಬದಲಿಸುತ್ತಾರೆ. ಹೊಸ ತಿಳಿವು ಆ ಉಳಿಕೆಯಿಂದ ಬರುತ್ತದೆ. ಹೆಚ್ಚಿನ ಆಪ್‌ಗಳಲ್ಲಿ ಆ ಉಳಿಕೆಗೆ ಜಾಗವೇ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಕಂಡವರು "ಇತರೆ" ಒತ್ತಿ ಸುಮ್ಮನಾಗುತ್ತಾರೆ.

ಎಐ ಸಾರಾಂಶದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಿಮ್ಮ ಕೆಲಸಕ್ಕೆ, ಈಗ, ಅದು ಅಪಾಯ. ಇನ್ನೂರು ಮೆಸೇಜುಗಳ ಸಾರ ತೆಗೆ ಎಂದರೆ ಅದು ಹೆಚ್ಚು ಜನ ಹೇಳಿದ್ದನ್ನು ಮುಂದಿಡುತ್ತದೆ. ಆ ಇಬ್ಬರ ಮಾತು ಅಲ್ಲಿಯೂ ಬಿದ್ದುಹೋಗುವ ಸಾಧ್ಯತೆಯೇ ಜಾಸ್ತಿ. ಅದೂ ಒಪ್ಪವಾದ ಕನ್ನಡದಲ್ಲಿ ಬಂದರೆ ಜನ ಮೂಲ ಮೆಸೇಜ್ ನೋಡುವುದನ್ನೇ ಬಿಡುತ್ತಾರೆ. ಎಐಯನ್ನು ಬಳಸಲೇಬೇಕು ಎಂದಿದ್ದರೆ ಸಣ್ಣ ಕೆಲಸ ಕೊಡಿ. ಒಂದೇ ಜಾಗದ ಚೀಟಿಗಳನ್ನು ಒಟ್ಟಿಗೆ ತೋರಿಸುವುದು, ಇಂಚನ್ನು ಮಿಲಿಮೀಟರ್ ಮಾಡುವುದು, ಊಹೆಯ ಮಾತನ್ನು "ನಾನೇ ನೋಡಿದ್ದು" ಎಂದು ಹಾಕಿದ್ದರೆ ಮತ್ತೆ ಕೇಳುವುದು. ಏನು ಬರೆದರೂ ಅದರ ಪ್ರತಿ ಸಾಲಿನಿಂದ ಮೂಲ ಚೀಟಿಗೆ ಹೋಗುವ ದಾರಿ ಇರಬೇಕು.

ನೆಟ್‌ವರ್ಕ್ ವಿಷಯ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಹಿಂದೆಯೇ ಟವರ್ ಹೋಗುವುದು ನಿಮಗೆ ನಾನು ಹೇಳಬೇಕಿಲ್ಲ. ಹಾಗಾಗಿ ಚೀಟಿ ಮೊದಲು ಫೋನಿನಲ್ಲೇ ಉಳಿಯಬೇಕು, ಸಿಗ್ನಲ್ ಸಿಕ್ಕಾಗ ತಾನೇ ಹೋಗಬೇಕು. ಇದು ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ಬೇರೆ ಕಡೆ. ಒಂದೇ ಚೀಟಿಯನ್ನು ಅಪ್ಪ ತೋಟದಲ್ಲಿ, ಮಗಳು ಮೈಸೂರಿನಲ್ಲಿ, ಇಬ್ಬರೂ ತಿದ್ದಿದರೆ ಯಾವುದು ಉಳಿಯಬೇಕು? ಹೆಚ್ಚಿನ ಆಪ್‌ಗಳಲ್ಲಿ ಕೊನೆಗೆ ತಲುಪಿದ್ದು ಉಳಿಯುತ್ತದೆ, ಇನ್ನೊಂದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಕೊನೆಗೆ ತಲುಪಿದ್ದು ಸರಿಯಾದದ್ದೇ ಆಗಬೇಕೆಂದಿಲ್ಲ ಅಲ್ವಾ? 2011ರಲ್ಲಿ ಮಾರ್ಕ್ ಶಪಿರೊ ಮತ್ತು ಜೊತೆಗಾರರು ಇದಕ್ಕೆ ಸಿಆರ್‌ಡಿಟಿ ಎಂಬ ಕ್ರಮವನ್ನು ವಿವರವಾಗಿ ಬರೆದರು. ಬೇರೆ ಬೇರೆ ಫೋನುಗಳಲ್ಲಿ ಆದ ಬದಲಾವಣೆಗಳು ಯಾವ ಕ್ರಮದಲ್ಲಿ ಬಂದು ಸೇರಿದರೂ ಕೊನೆಗೆ ಎಲ್ಲ ಕಡೆ ಒಂದೇ ಆಗುವಂತೆ ಜೋಡಿಸುವ ವಿಧಾನ ಅದು. ಅಕ್ಕನ ಮಗನಿಗೆ ಗೊತ್ತಿರುತ್ತದೆ. ಆದರೂ ನಿಮ್ಮ ಮಟ್ಟಿಗೆ ಇನ್ನೂ ಸರಳ ನಿಯಮ ಸಾಕು: ಬರೆದ ಚೀಟಿಯನ್ನು ಯಾರೂ ತಿದ್ದುವಂತಿಲ್ಲ, ಬೇಕಿದ್ದರೆ ಅದರ ಕೆಳಗೆ ಇನ್ನೊಂದು ಚೀಟಿ ಸೇರಿಸಬಹುದು.

ಪ್ರತಿ ಚೀಟಿಯ ಮೇಲೆ ಎರಡು ಹೊತ್ತು ಕಾಣಬೇಕು, ನೋಡಿದ ಹೊತ್ತು ಮತ್ತು ತಲುಪಿದ ಹೊತ್ತು. ಬುಧವಾರ ನೋಡಿದ್ದು ಶುಕ್ರವಾರ ತಲುಪಿದರೆ ಅದು ಶುಕ್ರವಾರದ ಸುದ್ದಿಯಾಗಿ ಕಾಣಬಾರದು.

ಗುಡ್ಡದ ಬಿರುಕಿನ ಪ್ರಶ್ನೆಗೆ ಈ ಮಾತು ನೇರ ಸಂಬಂಧಿಸಿದೆ. ಅದಕ್ಕೆ ನನ್ನ ಉತ್ತರ: ಬೇಡ, ಈ ಸಾಧನದಲ್ಲಿ ಹಾಕಬೇಡಿ. ಕಾಯಿ ಯಾಕೆ ಉದುರಿತು ಎಂದು ವಾರಗಟ್ಟಲೆ ಕೂತು ಯೋಚಿಸಬಹುದು. ಮನೆಯ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ಗೋಡೆಯಲ್ಲಿ) ಬಿರುಕು ಕಂಡರೆ, ಮರಗಳು ವಾಲಿದರೆ, ಇಲ್ಲದ ಕಡೆ ಒರತೆ ಎದ್ದರೆ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಯೋಚಿಸುತ್ತಾ ಕೂರುವ ಹೊತ್ತಲ್ಲ. ಕೆಳಗಿರುವವರನ್ನು ಮೊದಲು ಆ ಜಾಗದಿಂದ ಎಬ್ಬಿಸಬೇಕು. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ, ಇಲ್ಲವೇ 112ಕ್ಕೆ ಫೋನ್ ಮಾಡಬೇಕು, ಪಂಚಾಯಿತಿಗೆ ತಿಳಿಸಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದದ್ದನ್ನೂ, 2020ರಲ್ಲಿ ತಲಕಾವೇರಿಯಲ್ಲಿ ಆದದ್ದನ್ನೂ ಕಂಡವರು ನೀವು. "ಬೇರೆ ಯಾರಿಗಾದರೂ ಹೀಗೆ ಕಂಡಿದೆಯಾ" ಎಂದು ಗುಂಪಿನಲ್ಲಿ ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸವನ್ನು ಯಾವ ಸಾಫ್ಟ್‌ವೇರೂ ಬೆಳೆಸಬಾರದು. ನೆಟ್‌ವರ್ಕ್ ಇಲ್ಲದೆ ತಡವಾಗಿ ತಲುಪಿದ ಫೋಟೋ, ಹೋದ ವರ್ಷದ ಫಾರ್ವರ್ಡ್, ಎರಡೂ ಇಂಥ ಹೊತ್ತಿನಲ್ಲಿ ಜೀವಕ್ಕೆ ಕುತ್ತು. ಆನೆ ಬಂದ ಸುದ್ದಿಯೂ ಇದೇ ಜಾತಿಯದ್ದು. ಎಚ್ಚರಿಕೆಗೆ ಬೇರೆ ದಾರಿ ಇರಲಿ, ಅದರಲ್ಲಿ ಚರ್ಚೆ ಇರದಿರಲಿ. ಮಳೆಗಾಲ ಮುಗಿದ ಮೇಲೆ ಎಲ್ಲೆಲ್ಲಿ ನೆಲ ಸರಿದಿದೆ ಎಂದು ನಿಧಾನವಾಗಿ ಕೂಡಿಸಿ ನೋಡುವುದು ಬೇರೆ ಮಾತು. ಅದನ್ನು ಖಂಡಿತ ಮಾಡಿ, ಭೂವಿಜ್ಞಾನ ಬಲ್ಲವರನ್ನು ಜೊತೆಗಿಟ್ಟುಕೊಂಡು ಮಾಡಿ.

ಹಿರಿಯರು ಬಳಸುತ್ತಾರಾ ಎಂದು ಕೇಳಿದ್ದೀರಿ. ವಾಯ್ಸ್ ಮೆಸೇಜ್ ಕಳಿಸುವವರು ಚೀಟಿಯನ್ನೂ ಮಾತಿನಲ್ಲೇ ಕಳಿಸಬಲ್ಲರು. ಟೈಪ್ ಮಾಡಿ ಎಂದು ಒತ್ತಾಯಿಸಬೇಡಿ. ಕೊಡವ ತಕ್ಕ್, ಅರೆಭಾಷೆಯ ಮಾತನ್ನು ಯಂತ್ರ ಬರಹಕ್ಕೆ ಇಳಿಸುತ್ತದೆ ಎಂದು ನಂಬಿ ಕೂರಬೇಡಿ. ಧ್ವನಿಯನ್ನು ಹಾಗೆಯೇ ಇಟ್ಟುಕೊಂಡು, ಸರದಿಯಲ್ಲಿರುವವರು ಕೇಳಿ ಎರಡು ಸಾಲು ಬರೆಯಲಿ. ನನಗೆ ಹೆಚ್ಚು ಕಾಳಜಿ ಇರುವುದು ಇನ್ನೊಂದು ಕಡೆ. ಸಾಲು ಸಾಲಾಗಿ ಗಿಡ ನೋಡುತ್ತಾ ಹೋಗುವವರು ಯಾರು? ಲೈನ್‌ಮನೆಯಲ್ಲಿರುವ ಕೆಲಸದವರು, ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರು. ನೀರು ನಿಂತದ್ದು, ಎಲೆ ಕಪ್ಪಾದದ್ದು ಅವರ ಕಣ್ಣಿಗೆ ಮೊದಲು ಬೀಳುತ್ತದೆ. ನಿಮ್ಮ ಇನ್ನೂರು ಜನರಲ್ಲಿ ಅವರು ಎಷ್ಟು ಮಂದಿ ಇದ್ದಾರೆ? ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ದಾಖಲಿಸುವ ವ್ಯವಸ್ಥೆ ಇಲ್ಲದಿದ್ದರೆ ನಿಮ್ಮ ಅರ್ಧ ಮಾಹಿತಿ ಹೊರಗೇ ಉಳಿಯುತ್ತದೆ. ತಪ್ಪು ಹೇಳಿದರೆ ಬೈಗುಳ ಬರುವುದಿಲ್ಲ ಎಂಬ ಭರವಸೆಯೂ ಅವರಿಗೆ ಬೇಕು. ಅದನ್ನು ನೀವು ಕೊಡಬೇಕು, ಆಪ್ ಕೊಡಲಾರದು.

ಈಗ ನಿಮ್ಮ ಮುಂದೆ ಇರುವ ದಾರಿಗಳು. ವಾಟ್ಸಾಪನ್ನೇ ಇಟ್ಟುಕೊಂಡು, ಪಕ್ಕದಲ್ಲಿ ಒಂದು ಗೂಗಲ್ ಶೀಟ್ ತೆರೆದು ಇಬ್ಬರು ಮೂವರು ಮೆಸೇಜುಗಳನ್ನು ಅದಕ್ಕೆ ಇಳಿಸುವುದು ಅತಿ ಅಗ್ಗ. ಅಪಾಯ ಏನೆಂದರೆ ಆ ಇಬ್ಬರು ಮೂವರು ದಣಿದರೆ ಎಲ್ಲ ನಿಂತುಹೋಗುತ್ತದೆ. ಮೊದಲು ಬರೆದವರ ಮಾತಿನ ಪ್ರಭಾವವೂ ಹಾಗೆಯೇ ಉಳಿಯುತ್ತದೆ. ಎರಡನೆಯದು ಕೋಬೋಟೂಲ್‌ಬಾಕ್ಸ್ (KoboToolbox) ಅಥವಾ ಓಡಿಕೆ (ODK) ಎಂಬಂಥ ಸಿದ್ಧ ಸಾಧನ. ನೆರೆ, ಭೂಕಂಪದ ಹೊತ್ತಿನಲ್ಲಿ ಪರಿಹಾರ ಕೆಲಸ ಮಾಡುವವರು ಇವನ್ನು ಬಹಳ ಬಳಸುತ್ತಾರೆ. ಚೀಟಿಯನ್ನು ನೀವೇ ಕನ್ನಡದಲ್ಲಿ ಮಾಡಬಹುದು, ಧ್ವನಿ ಮತ್ತು ಫೋಟೋ ಸೇರಿಸಬಹುದು, ನೆಟ್‌ವರ್ಕ್ ಇಲ್ಲದೆಯೂ ತುಂಬಬಹುದು. ತುಂಬುವವರಿಗೆ ಬೇರೆಯವರ ಚೀಟಿ ಕಾಣದಂತೆ ಇಡಬಹುದು, ನಿಮಗೆ ಬೇಕಾದದ್ದೇ ಅದು. ಕೊರತೆ ಏನೆಂದರೆ ಅವು ಸಂಗ್ರಹಕ್ಕೆ ಮಾತ್ರ. ಕೋಷ್ಟಕದ ಕೆಲಸ ಬೇರೆ ಕಡೆ ಮಾಡಬೇಕು.

ಸ್ವಂತ ಆಪ್ ಕೊನೆಯದು. ಮಾಡುವ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಸಾಕುವ ಖರ್ಚನ್ನು ಮರೆಯುತ್ತಾರೆ. ಹೊಸ ಆಂಡ್ರಾಯ್ಡ್ ಬಂದ ಹಾಗೆ ಆಪ್ ಬದಲಿಸುತ್ತಿರಬೇಕು, ಇಲ್ಲದಿದ್ದರೆ ಪ್ಲೇ ಸ್ಟೋರಿನಲ್ಲಿ ಹೊಸ ಫೋನುಗಳಿಗೆ ಸಿಗುವುದೇ ನಿಲ್ಲುತ್ತದೆ. ಅಕ್ಕನ ಮಗನಿಗೆ ನಾಳೆ ಬೇರೆ ಕೆಲಸ ಸಿಕ್ಕಿ ವಿದೇಶಕ್ಕೆ ಹೋದರೆ ಯಾರು ನೋಡಿಕೊಳ್ಳುತ್ತಾರೆ? ಊರಿನ ಗುಂಪುಗಳಿಗೆ ಮಾಡಿದ ಎಷ್ಟೋ ಒಳ್ಳೆಯ ಆಪ್‌ಗಳು ಎರಡನೆಯ ಮಳೆಗಾಲ ಕಾಣದೆ ಹೋದದ್ದನ್ನು ನಾನು ನೋಡಿದ್ದೇನೆ. ಯಾರ ತೋಟದಲ್ಲಿ ರೋಗ ಇದೆ, ಯಾರ ಜಾಗದಲ್ಲಿ ನೆಲ ಸರಿದಿದೆ ಎಂಬ ವಿವರ ನಕ್ಷೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರೆ ಜಾಗದ ಬೆಲೆಯ ಮಾತೂ ಬರುತ್ತದೆ. ಆ ಭಯ ಹುಟ್ಟಿದ ದಿನ ಜನ ನಿಜ ಬರೆಯುವುದನ್ನು ನಿಲ್ಲಿಸುತ್ತಾರೆ. ನಕ್ಷೆ ಹಾಕುವುದಿದ್ದರೆ ಊರಿನ ಮಟ್ಟಕ್ಕೆ ನಿಲ್ಲಿಸಿ.

ನನ್ನ ಸಲಹೆ ಎರಡನೆಯ ದಾರಿ. ಒಂದು ಮಳೆಗಾಲ, ಒಂದೇ ಪ್ರಶ್ನೆ, ಇಪ್ಪತ್ತು ಮೂವತ್ತು ತೋಟ. ಕೋಷ್ಟಕವನ್ನು ವಾರಕ್ಕೊಮ್ಮೆ ಗುಂಪಿಗೆ ಹಾಕಿ. ಎಲ್ಲರೂ ಒಪ್ಪಲೇಬೇಕು ಎಂದು ಹಟ ಹಿಡಿಯಬೇಡಿ. ಎರಡು ಕಾರಣ ಕೊನೆಯ ತನಕ ಉಳಿದರೆ ಎರಡನ್ನೂ ಇಡ್ರಿ. ಯಾರು ಯಾಕೆ ಒಪ್ಪಲಿಲ್ಲ ಎಂದೂ ಬರೆದಿಡಿ. ಏರಿನ ತೋಟಕ್ಕೆ ಒಂದು, ತಗ್ಗಿನ ತೋಟಕ್ಕೆ ಇನ್ನೊಂದು ಕಾರಣ ಇದ್ದರೂ ಇರಬಹುದು. ಕಾಫಿ ಮಂಡಳಿಯ ಚೆಟ್ಟಳ್ಳಿ ಸಂಶೋಧನಾ ಉಪಕೇಂದ್ರಕ್ಕೆ ಆ ಕೋಷ್ಟಕವನ್ನೂ ಗಿಡದ ಮಾದರಿಯನ್ನೂ ತೆಗೆದುಕೊಂಡು ಹೋಗಿ. "ಕಾಯಿ ಉದುರುತ್ತಿದೆ, ಏನು ಮಾಡಲಿ" ಎಂದು ಕೇಳುವುದಕ್ಕೂ, ಇಷ್ಟು ನೋಡಿದ್ದೇವೆ, ಇಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ತೋರಿಸುವುದಕ್ಕೂ ಸಿಗುವ ಉತ್ತರದಲ್ಲಿ ಬಹಳ ವ್ಯತ್ಯಾಸ ಇರುತ್ತದೆ.

ಅಕ್ಕನ ಮಗನ ಉತ್ಸಾಹ ವ್ಯರ್ಥ ಆಗುವುದು ಬೇಡ. ಚೀಟಿ ಮಾಡಿಕೊಡುವುದು, ಬಂದ ಚೀಟಿಗಳನ್ನು ಕೋಷ್ಟಕಕ್ಕೆ ಇಳಿಸುವ ಸಣ್ಣ ಪ್ರೋಗ್ರಾಂ ಬರೆಯುವುದು ಅವನ ಕೆಲಸ ಆಗಲಿ. ಎಲ್ಲ ಮಾಹಿತಿಯನ್ನೂ ಯಾವಾಗ ಬೇಕಾದರೂ ಸಾದಾ ಎಕ್ಸೆಲ್ ಫೈಲಾಗಿ ತೆಗೆದುಕೊಳ್ಳಲು ಬರಬೇಕು ಎಂದು ಮೊದಲೇ ಹೇಳಿ. ಅದರ ಪಾಸ್‌ವರ್ಡ್ ಗುಂಪಿನ ಮೂವರ ಬಳಿ ಇರಲಿ. ಶುರು ಮಾಡುವುದನ್ನು ಜೂನ್‌ಗೆ ಬಿಡಬೇಡಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಹೊತ್ತಿಗೇ ಚೀಟಿ ಎಲ್ಲರ ಫೋನಿಗೆ ಬರಲಿ. ಯಾವ ದಿನ ಮಳೆ ಬಿತ್ತು, ಎಷ್ಟು ಬಿತ್ತು, ಹೂ ಅರಳಿತೇ, ಆಮೇಲೆ ಕಾಯಿ ಕಚ್ಚಲು ಬೇಕಾದ ಹಿಮ್ಮಳೆ ಬಂತೇ ಎಂದು ಬರೆಯುತ್ತಾ ಕೈ ಪಳಗಲಿ. ಆ ತಿಂಗಳುಗಳಲ್ಲಿ ಟವರೂ ಇರುತ್ತದೆ, ಮನಸ್ಸಿಗೆ ಪುರುಸೊತ್ತೂ ಇರುತ್ತದೆ, ಇಂಚು ಮಿಲಿಮೀಟರಿನ ಗೊಂದಲಗಳನ್ನು ಆಗಲೇ ಸರಿಮಾಡಿಕೊಳ್ಳಬಹುದು.